ನಂಜುಂಡಪ್ಪನವರ ನೀಲಗಿರಿ ಪುರಾಣ

ಊಟಿಗೆ ಹೋಗಿ ಬಂದವರಲ್ಲಿ ಎರಡು ಪಂಗಡ. ಫೋನು ಹಿಡಿದು ಫೋಟೋ ತೋರಿಸುವವರು ಒಂದು, ನೀಲಗಿರಿ ಎಣ್ಣೆ ಹಂಚುವವರು ಇನ್ನೊಂದು. ಮೊದಲನೆಯವರನ್ನು ಕಂಡರೆ ಜನ ಒಲೆ ಮೇಲೆ ಹಾಲಿಟ್ಟು ಬಂದಿದ್ದೇವೆಂದು ಸುಳ್ಳು ಹೇಳಿ ಒಳಗೆ ಹೋಗುತ್ತಾರೆ. ಎರಡನೆಯವರಿಗೆ ಎಲ್ಲರ ಮನೆಯ ಬಾಗಿಲೂ ತೆರೆದಿರುತ್ತದೆ. ನಮ್ಮ ಪಕ್ಕದ ಮನೆಯ ನಂಜುಂಡಪ್ಪನವರು ಎರಡನೆಯ ಪಂಗಡಕ್ಕೆ ಸೇರಿದವರು. ಮೈಸೂರಿನವರಿಗೆ ಊಟಿ ಎಂದರೆ ದೂರದ ಊರೇನಲ್ಲ. ಗುಂಡ್ಲುಪೇಟೆಯಲ್ಲಿ ತಿಂಡಿ, ಬಂಡೀಪುರದಲ್ಲಿ ಜಿಂಕೆ ದರ್ಶನ, ಮಸಿನಗುಡಿ ದಾಟಿ 36 ತಿರುವಿನ ಕಲ್ಲಟ್ಟಿ ಘಾಟಿ ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಊಟಿಯಲ್ಲಿರಬಹುದು. ಬರುವಾಗ ವರ್ಕಿ, ಚಹಾ ಪುಡಿ, ಮಗಳ ಮಕ್ಕಳಿಗೆ ಚಾಕೊಲೇಟು, ಮಿಕ್ಕವರಿಗೆಲ್ಲ ಎಣ್ಣೆ.

"ಮೇಷ್ಟ್ರೇ, ಇದ್ದೀರಾ?" ಎಂದು ಕಾಂಪೌಂಡಿನಾಚೆಯಿಂದ ಕೂಗಿದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು. ನಿವೃತ್ತನಾದರೂ ಬೀದಿಯವರಿಗೆ ಮೇಷ್ಟ್ರೇ. ಹೋಗಿ ನೋಡಿದರೆ ಗೋಡೆಯ ಮೇಲೆ ಸಣ್ಣದೊಂದು ಬಾಟಲಿ ಕೂತಿತ್ತು.

"ತಗೊಳ್ಳಿ, ಒರಿಜಿನಲ್ಲು. ನೆಗಡಿ, ಕೆಮ್ಮು, ತಲೆನೋವು, ಮಂಡಿನೋವು, ಸೊಳ್ಳೆ, ಹೇನು, ಎಲ್ಲಕ್ಕೂ ಒಂದೇ. ಅಂಗಡಿಯವನು ಇನ್ನೂ ಏನೇನೋ ಹೇಳಿದ. ಅರ್ಧ ಚಮಚ ಬಿಸಿನೀರಿಗೆ ಹಾಕ್ಕೊಂಡು ಕುಡಿದುಬಿಟ್ರೆ ಎದೇಲಿರೋ ಕಫ ಎಲ್ಲಾ ಕರಗಿ ಬಂದ್ಬಿಡುತ್ತಂತೆ."

"ಕುಡಿದ್ರಾ?"

"ಇಲ್ಲ. ಗಿರಿಜ ಬಿಡಲಿಲ್ಲ."

"ಅವರಿಗೊಂದು ನಮಸ್ಕಾರ ಹೇಳಿ. ನೀವೂ ಒಂದು ಮಾಡಿ."

ಅವರಿಗೆ ಇದು ರುಚಿಸಲಿಲ್ಲ. "ಗಿಡದಿಂದ ಬಂದಿದ್ದು ತಾನೇ? ಅದ್ರಲ್ಲೇನು ಕೆಮಿಕಲ್ ಇರುತ್ತೆ ಮೇಷ್ಟ್ರೇ?" ಎಂದರು. ನಲವತ್ತು ಮಕ್ಕಳ ತರಗತಿಯಲ್ಲಿ ಇಂಥ ಪ್ರಶ್ನೆ ಬಂದರೆ ಮೇಷ್ಟರಿಗೆ ಹಬ್ಬ. ನನಗೀಗ ತರಗತಿ ಇಲ್ಲ, ಕಾಂಪೌಂಡು ಇದೆ.

ಕೆಮಿಕಲ್ಲೇ ಸ್ವಾಮಿ, ಎಂದೆ. ಒಳ್ಳೆಯ ನೀಲಗಿರಿ ಎಣ್ಣೆ ಎಂದರೆ ನೂರಕ್ಕೆ ಎಪ್ಪತ್ತು ಭಾಗಕ್ಕೂ ಮಿಕ್ಕಿ ಒಂದೇ ವಸ್ತು. ಅದಕ್ಕೆ ಸಿನಿಯೋಲ್ ಎನ್ನುತ್ತಾರೆ, ಯೂಕಲಿಪ್ಟಾಲ್ ಎಂದೂ ಕರೆಯುತ್ತಾರೆ. ಆ ಎರಡನೆಯ ಹೆಸರನ್ನು 1870ರಲ್ಲಿ ಕ್ಲೋಎ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಇಟ್ಟದ್ದು. ನಿಮ್ಮ ಮನೆಯ ಪಾಯಸದ ಏಲಕ್ಕಿಯಲ್ಲೂ ಇದೇ ಇದೆ. ಏಲಕ್ಕಿಯನ್ನು ಕುಟ್ಟಿದೊಡನೆ ಮೂಗಿಗೆ ತಂಪಾಗಿ ಏರುತ್ತದಲ್ಲ, ಆ ಏರಿಕೆಯಲ್ಲಿ ಇದರದೂ ದೊಡ್ಡ ಪಾಲು. ಗಿಡ ಇದನ್ನು ತಯಾರಿಸುವುದು ನಮ್ಮ ನೆಗಡಿಗಾಗಿ ಅಲ್ಲ. ತನ್ನ ಎಲೆ ತಿನ್ನಲು ಬರುವ ಹುಳ ಹುಪ್ಪಟೆಯನ್ನು ದೂರ ಇಡಲು.

"ಹಂಗಾದ್ರೆ ಏಲಕ್ಕಿ ತಿಂದ್ರೆ ಆಗುತ್ತೆ, ಇದು ಕುಡಿದ್ರೆ ಆಗಲ್ವಾ?"

ಪಾಯಸಕ್ಕೆ ಹಾಕುವುದು ಎರಡು ಏಲಕ್ಕಿ, ಅದನ್ನು ಉಣ್ಣುವವರು ಆರು ಜನ. ಬಾಟಲಿಯಲ್ಲಿರುವುದು ಮರಗಟ್ಟಲೆ ಎಲೆಯ ಸಾರ. ನೂರು ಕಿಲೋ ಎಲೆ ಬೇಯಿಸಿದರೆ ಸಿಗುವ ಎಣ್ಣೆ ಒಂದು ಕಿಲೋ ಆಸುಪಾಸು. ಅಂದರೆ ನೀವು ಕುಡಿಯಬೇಕೆಂದಿದ್ದ ಆ ಅರ್ಧ ಚಮಚದಲ್ಲಿ ಕಾಲು ಕಿಲೋ ಎಲೆ ಕೂತಿದೆ. ಕಾಲು ಕಿಲೋ ನೀಲಗಿರಿ ಎಲೆಯನ್ನು ಹಸುವಿನ ಮುಂದೆ ಹಾಕಿದರೆ ಹಸುವೂ ಮುಖ ತಿರುಗಿಸುತ್ತದೆ.

ಬೇಯಿಸುವ ಮಾತು ಬಂದದ್ದೇ ತಡ, ನಂಜುಂಡಪ್ಪನವರ ಕಣ್ಣು ಹೊಳೆಯಿತು. ಕೂನೂರಿನ ಕಡೆ ರಸ್ತೆ ಬದಿಯಲ್ಲಿ ಇಂಥದೊಂದು ಶೆಡ್ಡನ್ನು ಅವರು ಇಳಿದು ನೋಡಿದ್ದರಂತೆ. ತಗಡಿನ ಮಾಡು, ಕೆಳಗೆ ಸೌದೆಯ ಒಲೆ, ಮೇಲೆ ಆಳೆತ್ತರದ ಹಂಡೆ. ಹೆಂಗಸರು ಉದುರೆಲೆಯನ್ನು ಹೊರೆಗಟ್ಟಿ ತಂದು ಸುರಿಯುತ್ತಾರೆ. ಒಬ್ಬ ಒಳಗಿಳಿದು ತುಳಿದು ಒತ್ತಾಗಿ ತುಂಬುತ್ತಾನೆ. ಮುಚ್ಚಳ ಬಿಗಿದು ಬೆಂಕಿ ಹಾಕಿದರೆ ಹಬೆ ಎಲೆಯ ಮಧ್ಯೆ ನುಗ್ಗಿ ಎಣ್ಣೆಯನ್ನು ಹೊತ್ತುಕೊಂಡು ಕೊಳವೆಯಲ್ಲಿ ಹೋಗುತ್ತದೆ. ಕೊಳವೆ ತಣ್ಣೀರ ತೊಟ್ಟಿಯಲ್ಲಿ ಹಾದು ಬರುತ್ತದೆ. ತುದಿಯಲ್ಲಿ ಬೀಳುವುದು ನೀರು, ಮೇಲೆ ತೇಲುವುದು ಎಣ್ಣೆ. ಅದನ್ನು ಮೇಲಿಂದ ಬಸಿದುಕೊಂಡರೆ ಕೆಲಸ ಮುಗಿಯಿತು. ಇಷ್ಟನ್ನೂ ಅವರೇ ಹೇಳಿದರು, ಕೈಯಲ್ಲಿ ಹಂಡೆ ಬರೆದು ತೋರಿಸುತ್ತ.

ಅದರಲ್ಲೊಂದು ಚಮತ್ಕಾರವಿದೆ, ಎಂದು ನಾನು ಬಾಯಿ ಹಾಕಿದೆ. ಸಿನಿಯೋಲ್ ಕುದಿಯುವುದು 176 ಡಿಗ್ರಿಗೆ. ಊಟಿಯ ಎತ್ತರದಲ್ಲಿ ನೀರು 93 ಡಿಗ್ರಿಯ ಹತ್ತಿರಕ್ಕೇ ಕುದಿದುಬಿಡುತ್ತದೆ. ಅಷ್ಟು ಕಡಿಮೆ ಕಾವಿಗೆ ಎಣ್ಣೆ ಹೇಗೆ ಆವಿಯಾಗಿ ಹೊರಟಿತು? ಒಂದರೊಳಗೊಂದು ಬೆರೆಯದ ಎರಡು ದ್ರವಗಳನ್ನು ಒಟ್ಟಿಗೆ ಕಾಯಿಸಿದರೆ ಎರಡರ ಆವಿಯ ಒತ್ತಡವೂ ಕೂಡಿಕೊಳ್ಳುತ್ತದೆ. ಆ ಮೊತ್ತ ಹೊರಗಿನ ಗಾಳಿಯ ಒತ್ತಡವನ್ನು ಮುಟ್ಟಿದರೆ ಸಾಕು, ಇಬ್ಬರೂ ಜೊತೆಯಾಗಿ ಹೊರಡುತ್ತಾರೆ. ಒಂಟಿಯಾಗಿ ಹೋಗಲಾರದ ಎಣ್ಣೆ ನೀರಿನ ಜೊತೆಯಲ್ಲಿ ಹೋಗುತ್ತದೆ. ಮಲ್ಲಿಗೆಯನ್ನು ಹೀಗೆ ಬೇಯಿಸಿದರೆ ಪರಿಮಳ ಕೆಡುತ್ತದೆ. ನೀಲಗಿರಿ ಎಲೆ ಗಟ್ಟಿ ಪಿಂಡ, ತಡೆದುಕೊಳ್ಳುತ್ತದೆ.

ಅವರು ತಲೆದೂಗಿದರು. ಅರ್ಥವಾಗಿ ತೂಗಿದರೋ ಬೇಗ ಮುಗಿಯಲೆಂದು ತೂಗಿದರೋ, ಮೂವತ್ತು ವರ್ಷ ಪಾಠ ಮಾಡಿದವನಿಗೂ ಅದು ತಿಳಿಯುವುದಿಲ್ಲ.

ಅಷ್ಟರಲ್ಲಿ ನಮ್ಮ ಮನೆಯವಳು ಬಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. "ಅಣ್ಣಾ, ಇದು ಒರಿಜಿನಲ್ ಅಂತ ಹೆಂಗೆ ಗೊತ್ತು?" ಎಂದಳು. ಅವಳ ಪ್ರಶ್ನೆಗಳು ಹೀಗೆಯೇ, ನೇರ ದುಡ್ಡಿನ ಬುಡಕ್ಕೆ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟೆವು. ಶುದ್ಧವಾದದ್ದು ಹಾಗೇ ಆರಿ ಹೋಗುತ್ತದೆ, ಬೋಂಡಾ ಕಟ್ಟಿದ ಕಾಗದದ ಜಿಡ್ಡು ಉಳಿಯುವುದಿಲ್ಲ. ಕೊಬ್ಬರಿ ಎಣ್ಣೆಯೋ ಬಿಳಿ ಖನಿಜ ಎಣ್ಣೆಯೋ ಬೆರೆಸಿದ್ದರೆ ಕಲೆ ನಿಲ್ಲುತ್ತದೆ. ನಂಜುಂಡಪ್ಪನವರ ಹನಿ ಆರಿತು. ಅವರು ಮೀಸೆ ತಿರುವಿದರು. ಆದರೆ ಟರ್ಪೆಂಟೈನ್ ಬೆರೆಸಿದ್ದರೂ ಅದು ಆರಿಯೇ ಹೋಗುತ್ತದೆ, ಅದನ್ನು ಕಂಡುಹಿಡಿಯಲು ಪ್ರಯೋಗಾಲಯವೇ ಬೇಕು ಎಂಬುದನ್ನು ನಾನು ಆಗ ಹೇಳಲಿಲ್ಲ. ಹಬ್ಬದ ದಿನ ಹೋಳಿಗೆಯಲ್ಲಿ ಕಲ್ಲು ಹುಡುಕಬಾರದು.

ಇನ್ನು ಮರದ ಮಾತು. ನಂಜುಂಡಪ್ಪನವರು ಚಿಂತಾಮಣಿ ಕಡೆಯವರು. ಅವರ ಬಾಯಲ್ಲಿ ನೀಲಗಿರಿ ಎಣ್ಣೆಗೆ ಎಷ್ಟು ಹೊಗಳಿಕೆಯೋ ನೀಲಗಿರಿ ಮರಕ್ಕೆ ಅಷ್ಟೇ ಬೈಗುಳ. "ಆ ಹಾಳು ಮರ ಬಂದು ನಮ್ಮೂರ ಬಾವಿ ಎಲ್ಲಾ ಬತ್ತೋಯ್ತು" ಎಂದು ಶುರು ಮಾಡಿದರೆ ನಿಲ್ಲಿಸುವವರಿಲ್ಲ. ಅವರ ಅಪ್ಪ ರಾಗಿ ಹೊಲಕ್ಕೆ ಅದನ್ನು ಹಾಕಿದ್ದರು. ಹಾಕಲು ಕಾರಣವಿತ್ತು. ಕೂಲಿ ಬೇಡ, ಕಾವಲು ಬೇಡ, ದನ ಬಾಯಿ ಹಾಕುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ, ಕಾಗದದ ಮತ್ತು ರೇಯಾನಿನ ಕಾರ್ಖಾನೆಗೆ ತೂಕ ಹಾಕಿ ಕೊಟ್ಟರೆ ಕೈಗೆ ಇಡಿಗಂಟು. ಸರ್ಕಾರವೂ ಸಾಮಾಜಿಕ ಅರಣ್ಯ ಎಂದು ಸಸಿ ಹಂಚಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದರು. ಹೊಸಕೋಟೆಯ ಬಳಿ ವಿಜ್ಞಾನಿಗಳು ಅಳೆದು ನೋಡಿದಾಗ, ಬೇರು ಆಳಕ್ಕಿಳಿದ ಮರಗಳು ಅಲ್ಲಿ ಬಿದ್ದ ಮಳೆಗಿಂತ ಹೆಚ್ಚು ನೀರು ಹೀರಿದ್ದು ಕಂಡುಬಂತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು.

"ಅಷ್ಟು ಬೈತೀರಿ, ಮತ್ತೆ ಎಣ್ಣೆ ಯಾಕೆ ತಂದ್ರಿ ಅಣ್ಣಾ?" ಎಂದಳು ಇವಳು.

"ಅಯ್ಯೋ ತಾಯಿ, ಅದು ನಮ್ಮೂರ ಮರ. ಇದು ಊಟೀದು."

ಅವರು ತಮಾಷೆಗೆ ಹೇಳಿದ ಮಾತು ಸಸ್ಯಶಾಸ್ತ್ರದ ಪ್ರಕಾರ ಪೂರ್ತಿ ನಿಜ. ಎರಡೂ ಒಂದೇ ಮನೆತನದವು, ಆದರೆ ಬೇರೆ ಬೇರೆ ಮರಗಳು. ಊಟಿಯದು ಯೂಕಲಿಪ್ಟಸ್ ಗ್ಲೊಬ್ಯುಲಸ್, ಆಸ್ಟ್ರೇಲಿಯದ ದಕ್ಷಿಣ ತುದಿ ಮತ್ತು ಟಾಸ್ಮೇನಿಯದ ಚಳಿಯಲ್ಲಿ ಬೆಳೆದ ಮರ. 1843ರ ಸುಮಾರಿಗೆ ಬ್ರಿಟಿಷರು ನೀಲಗಿರಿ ಬೆಟ್ಟಕ್ಕೆ ತಂದರು. ದಂಡಿನವರಿಗೂ ಬಂಗಲೆಯವರಿಗೂ ಚಳಿ ಕಾಯಲು ಸೌದೆ ಬೇಕಿತ್ತು, ಶೋಲಾ ಕಾಡು ಕರಗುತ್ತಿತ್ತು; ಬೇಗ ಬೆಳೆಯುವ ಮರ ಸಿಕ್ಕಿತು. ಎಣ್ಣೆ ಆಮೇಲೆ ಹೊಳೆದ ಲಾಭ. ಅಲ್ಲಿನ ಹುಲ್ಲುಗಾವಲಿಗೆ ಅದರಿಂದ ಏನಾಯಿತೆಂಬುದು ಬೇರೆ ಕಥೆ, ಸಂತೋಷದ ಕಥೆಯಲ್ಲ. ನಮ್ಮ ಬಯಲುಸೀಮೆಯದು ಹೆಚ್ಚಾಗಿ ಟೆರೆಟಿಕಾರ್ನಿಸ್ ಜಾತಿಯದು. ಅದಕ್ಕೆ ಅರಣ್ಯ ಇಲಾಖೆಯವರು ಮೈಸೂರ್ ಗಮ್ ಎಂದೇ ಹೆಸರಿಟ್ಟಿದ್ದರು. ಟಿಪ್ಪು ಸುಲ್ತಾನ 1790ರ ಸುಮಾರಿಗೆ ನಂದಿಬೆಟ್ಟದ ತೋಟಕ್ಕೆ ತರಿಸಿದ ಬೀಜಗಳ ವಂಶವೇ ಇದು ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ಇದರ ಎಲೆಯಲ್ಲೂ ಎಣ್ಣೆ ಉಂಟು, ಆದರೆ ಊಟಿಯದರಷ್ಟು ಇಲ್ಲ. ಇದನ್ನು ನೆಟ್ಟದ್ದು ದಿಮ್ಮಿಗಾಗಿ.

"ಅಂದ್ರೆ ನಂದಿಬೆಟ್ಟದಿಂದ ಇಳಿದು ನಮ್ಮ ಬಾವಿಗೆ ಬಂತು ಅನ್ನಿ" ಎಂದು ನಂಜುಂಡಪ್ಪನವರು ನಿಟ್ಟುಸಿರು ಬಿಟ್ಟರು.

ಎಣ್ಣೆಯ ವ್ಯಾಪಾರ ಶುರುವಾದದ್ದು ಮಾತ್ರ ಮರದ ತವರಿನಲ್ಲೇ. ಜೋಸೆಫ್ ಬೊಸಿಸ್ಟೊ ಎಂಬ ಇಂಗ್ಲಿಷ್ ಔಷಧ ವ್ಯಾಪಾರಿ ಆಸ್ಟ್ರೇಲಿಯದ ವಿಕ್ಟೋರಿಯಕ್ಕೆ ಹೋದ. ಅಲ್ಲಿ ಸಸ್ಯಶಾಸ್ತ್ರಜ್ಞ ಫರ್ಡಿನೆಂಡ್ ಫಾನ್ ಮ್ಯುಲರ್ ಕೊಟ್ಟ ಉತ್ತೇಜನದಿಂದ 1852ರಲ್ಲಿ ಭಟ್ಟಿ ಹೂಡಿದ. ಇವತ್ತು ಜಗತ್ತಿನ ಎಣ್ಣೆಯ ದೊಡ್ಡ ಪಾಲು ಬರುವುದು ಚೀನದಿಂದ. ಮರ ಆಸ್ಟ್ರೇಲಿಯದ್ದು, ಎಣ್ಣೆ ಚೀನದ್ದು, ಹೆಸರು ನಮ್ಮ ಬೆಟ್ಟದ್ದು.

ಸರಿ, ಇದರಿಂದ ನಿಜವಾಗಿ ಆಗುವುದೇನು? ಮೂಗು ಕಟ್ಟಿದಾಗ ಕರವಸ್ತ್ರದ ಮೇಲೆ ಒಂದು ಹನಿ ಹಾಕಿ ಮೂಸಿದರೆ ಹಾಯೆನಿಸುತ್ತದೆ. ನಮ್ಮ ಅಮೃತಾಂಜನ, ವಿಕ್ಸ್, ಎಲ್ಲದರ ಒಳಗೂ ಈ ಎಣ್ಣೆಯ ಪಾಲಿದೆ. ಆದರೆ ಆ ಹಾಯಿ ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಸ್ವಲ್ಪ ನಾಚಿಕೆಯದು. ಮೂಗಿನೊಳಗೆ ತಂಪನ್ನು ತಿಳಿಸುವ ನರಗಳಿವೆ. ಸಿನಿಯೋಲ್, ಪುದೀನದ ಮೆಂಥಾಲ್, ಇವು ಆ ನರಗಳನ್ನು ಕೆಣಕುತ್ತವೆ. ಬಾಗಿಲಲ್ಲಿ ಯಾರೂ ಇಲ್ಲದೆ ಕರೆಗಂಟೆ ಬಾರಿಸಿದ ಹಾಗೆ, ಗಾಳಿ ಹೆಚ್ಚು ಬಾರದಿದ್ದರೂ ಬಂತೆಂದು ಮೆದುಳು ತಿಳಿಯುತ್ತದೆ. ಊತ ಇದ್ದಲ್ಲೇ ಇರುತ್ತದೆ, ಒದ್ದಾಟ ಮಾತ್ರ ಕಡಿಮೆಯಾಗುತ್ತದೆ. ರಾತ್ರಿ ನಿದ್ದೆ ಬಂದರೆ ಅದೇನು ಕಡಿಮೆ ಉಪಕಾರವೇ? ಅಲ್ಲವೇ ಅಲ್ಲ. ನಾನೂ ಮೂಸುತ್ತೇನೆ. ನೆಗಡಿ ವಾಸಿಯಾಯಿತು ಎಂದು ಮಾತ್ರ ಹೇಳುವುದಿಲ್ಲ. ನೆಗಡಿ ತನ್ನ ವಾರ ಮುಗಿಸಿಕೊಂಡೇ ಹೋಗುವುದು.

"ಜರ್ಮನೀಲಿ ಇದನ್ನೇ ಗುಳಿಗೆ ಮಾಡಿ ನುಂಗ್ತಾರಂತಲ್ಲ? ನನ್ನ ಅಳಿಯ ಹೇಳ್ತಿದ್ದ" ಎಂದು ನಂಜುಂಡಪ್ಪನವರು ಕೊನೆಯ ಬಾಣ ಬಿಟ್ಟರು. ಅಳಿಯ ಹೇಳಿದ್ದು ಸುಳ್ಳಲ್ಲ. ಅಲ್ಲಿ ಶುದ್ಧ ಸಿನಿಯೋಲನ್ನು ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆದು, ಕರುಳಿಗೆ ಹೋದ ಮೇಲೆ ಕರಗುವ ಕವಚದಲ್ಲಿ ಕಟ್ಟಿ, ಸೈನಸ್ ಮತ್ತು ಶ್ವಾಸನಾಳದ ಉರಿಯೂತಕ್ಕೆ ಕೊಡುತ್ತಾರೆ. ಅದು ರೋಗಿಗಳ ಮೇಲೆ ಪರೀಕ್ಷೆಯಾಗಿ ಬಂದ ಔಷಧಿ. ಘಾಟಿ ತಿರುವಿನ ಅಂಗಡಿಯವನ ಬಾಟಲಿಗೂ ಅದಕ್ಕೂ ವಾಸನೆಯೊಂದೇ ಸಂಬಂಧ.

ಮಂಡಿನೋವಿಗೆ? ಕೊಬ್ಬರಿ ಎಣ್ಣೆಯಲ್ಲೋ ಎಳ್ಳೆಣ್ಣೆಯಲ್ಲೋ ಕೆಲವು ಹನಿ ಬೆರೆಸಿ ತಿಕ್ಕಿದರೆ ಚರ್ಮ ತಂಪಾಗಿ, ಆಮೇಲೆ ಬೆಚ್ಚಗಾಗಿ, ಸ್ವಲ್ಪ ಹೊತ್ತು ನೋವು ಮರೆಯುತ್ತದೆ. ತಿಕ್ಕುವ ಕೈಯ ಪುಣ್ಯವೂ ಅದರಲ್ಲಿ ಸೇರಿದೆ. ನೇರ ಬಾಟಲಿಯಿಂದ ಹಚ್ಚಿದರೆ ಕೆಲವರಿಗೆ ಚರ್ಮ ಕೆಂಪಾಗಿ ಉರಿಯುತ್ತದೆ.

ಈ ಎಣ್ಣೆ ಅನುಮಾನವಿಲ್ಲದೆ ಗೆಲ್ಲುವ ಕ್ಷೇತ್ರ ಬೇರೆಯೇ ಇದೆ, ಅದನ್ನು ಅಂಗಡಿಯವನು ಹೇಳುವುದೇ ಇಲ್ಲ. ಹೊಸ ಸ್ಟೀಲು ಪಾತ್ರೆಯ ಮೇಲೆ ಅಂಟಿಸಿದ ಸ್ಟಿಕ್ಕರ್! ಮದುವೆ ಮನೆಯಲ್ಲಿ ಉಡುಗೊರೆಯಾಗಿ ಬಂದ ಡಬರಿಯ ಹೊಟ್ಟೆಯ ಮೇಲೆ ಬೆಲೆಚೀಟಿ ಎಷ್ಟು ಉಜ್ಜಿದರೂ ಅರ್ಧ ಕಿತ್ತು ಅರ್ಧ ಉಳಿದು, ಆ ಅಂಟಿಗೆ ಧೂಳು ಮೆತ್ತಿ, ಡಬರಿ ಬಾಳುವಷ್ಟು ಕಾಲ ಅದೂ ಬಾಳುತ್ತದೆ. ಹತ್ತಿಯಲ್ಲಿ ನೀಲಗಿರಿ ಎಣ್ಣೆ ಅದ್ದಿ ಅದರ ಮೇಲೆ ಒತ್ತಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಅಂಟು ಜಾರಿಕೊಂಡು ಬರುತ್ತದೆ. ನಮ್ಮ ಮನೆಯವಳು ಅಲ್ಲೇ ಒಳಗಿನಿಂದ ಒಂದು ಡಬ್ಬಿ ತಂದು ಪರೀಕ್ಷೆ ಮಾಡಿ, "ಇದೊಂದಕ್ಕೇ ಬಾಟಲಿಗೆ ಕೊಟ್ಟ ದುಡ್ಡು ಬಂತು" ಎಂದು ತೀರ್ಪು ಕೊಟ್ಟಳು. ರಸ್ತೆಯ ಡಾಂಬರು ಪಂಚೆಯ ಅಂಚಿಗೆ ಮೆತ್ತಿದರೂ ಇದೇ ಉಪಾಯ. ಹಲಸಿನ ಮೇಣಕ್ಕೆ ಬೇಡ, ಅದಕ್ಕೆ ಕೊಬ್ಬರಿ ಎಣ್ಣೆಯೇ ಸಾಕು, ಅಗ್ಗ. ಆಸ್ಟ್ರೇಲಿಯದ ಅಜ್ಜಿಯರು ಸಾಬೂನಿನ ಚೂರು, ಸ್ಪಿರಿಟ್ಟು, ಈ ಎಣ್ಣೆ ಬೆರೆಸಿ ಉಣ್ಣೆಯ ಬಟ್ಟೆ ಒಗೆಯುತ್ತಾರೆ.

ಕರಗಿಸುವ ಗುಣ ಎಷ್ಟೆಂದರೆ ಹಲ್ಲಿನ ವೈದ್ಯರೂ ಇದನ್ನು ನೆಚ್ಚಿದ್ದಾರೆ. ಹಿಂದೆ ಮಾಡಿದ ರೂಟ್ ಕೆನಾಲ್ ಕೆಟ್ಟು ಮತ್ತೆ ಮಾಡಬೇಕಾದಾಗ ಬೇರಿನೊಳಗೆ ತುಂಬಿದ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತುವನ್ನು ಮೆದು ಮಾಡಿ ತೆಗೆಯಲು ನೀಲಗಿರಿ ಎಣ್ಣೆ ಬಳಸುವುದುಂಟು. ಇದನ್ನು ಹೇಳಿದಾಗ ನಂಜುಂಡಪ್ಪನವರು ಕೆನ್ನೆ ಮುಟ್ಟಿಕೊಂಡರು. ಮಕ್ಕಳಿಗೆ ತೋರಿಸಬೇಕೆಂದರೆ ಥರ್ಮೋಕೋಲಿನ ಚೂರಿನ ಮೇಲೆ ಬಿಡಿ, ಕುಗ್ಗಿ ಕರಗುವುದು ಕಾಣುತ್ತದೆ. ಆಮೇಲೆ ಅದೇ ಎಣ್ಣೆಯನ್ನು ಚಮಚದಲ್ಲಿ ಹಿಡಿದು ಹೊಟ್ಟೆಗೆ ಇಳಿಸುವ ಮನಸ್ಸು ಯಾರಿಗೆ ಬರುತ್ತದೆ ನೋಡೋಣ.

ಸೊಳ್ಳೆಯ ವಿಷಯದಲ್ಲಿ ಒಂದು ಗೊಂದಲವಿದೆ. ಅಮೆರಿಕದ ಆರೋಗ್ಯ ಇಲಾಖೆ ಸೊಳ್ಳೆ ಓಡಿಸಲು ಶಿಫಾರಸು ಮಾಡುವ ವಸ್ತುಗಳಲ್ಲಿ ನೀಲಗಿರಿ ಎಣ್ಣೆಯ ಹೆಸರಿದೆ ಎಂದು ಯಾರೋ ಓದಿ ಎಲ್ಲರಿಗೂ ಕಳಿಸುತ್ತಾರೆ. ಅಲ್ಲಿರುವುದು ನಿಂಬೆ ವಾಸನೆಯ ಇನ್ನೊಂದು ಮರದ ಎಲೆಯಿಂದ ಸಂಸ್ಕರಿಸಿ ತೆಗೆದದ್ದು. ಅದನ್ನೂ ಮೂರು ವರ್ಷದೊಳಗಿನ ಮಕ್ಕಳಿಗೆ ಹಚ್ಚಬಾರದೆಂದೇ ಅವರು ಹೇಳುತ್ತಾರೆ. ಊಟಿಯ ಎಣ್ಣೆ ಹಚ್ಚಿಕೊಂಡರೆ ಸೊಳ್ಳೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತದೆ, ವಾಸನೆ ಹಾರಿದ ಮೇಲೆ ಬಂದು ಕೂರುತ್ತದೆ. ಸೊಳ್ಳೆ ಪರದೆ ಕಟ್ಟಿಕೊಳ್ಳಿ.

ಇಲ್ಲಿಗೆ ಹರಟೆ ಮುಗಿಯಬೇಕಿತ್ತು. ಆದರೆ ಗಿರಿಜಮ್ಮನವರು ಮೊಮ್ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದರು. ಮಗುವಿಗೆ ಮೂಗು ಸೋರುತ್ತಿತ್ತು. "ಇದಕ್ಕೆ ಎದೆಗೆ ಒಂಚೂರು ಹಚ್ಚಲಾ ಮೇಷ್ಟ್ರೇ?" ಎಂದರು. ಬೇಡ ಎಂದೆ. ಕಾರಣ ಹೇಳಲೇಬೇಕಾಯಿತು, ಇಷ್ಟು ಹೊತ್ತಿನ ನಗು ಸ್ವಲ್ಪ ಕಡಿಮೆಯಾದರೂ.

ಈ ಎಣ್ಣೆ ಹೊಟ್ಟೆಗೆ ಹೋದರೆ ಕೆಲಸ ಮಾಡುವುದು ಮೆದುಳಿನ ಮೇಲೆ. ಎರಡು ಮೂರು ಮಿಲಿಲೀಟರ್ ಸಾಕು, ಮಗುವಿಗೆ ಮಂಪರು ಬರಲು. ಒಂದು ಟೀ ಚಮಚದಷ್ಟು, ಅಂದರೆ 5 ಮಿಲಿಲೀಟರ್ ಹೋದರೆ ಪ್ರಜ್ಞೆ ತಪ್ಪಬಹುದು, ಫಿಟ್ಸ್ ಬರಬಹುದು. ಕುಡಿಯಲೇಬೇಕೆಂದೂ ಇಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ನರರೋಗ ತಜ್ಞರು ನೀಲಗಿರಿ ಎಣ್ಣೆ, ಕರ್ಪೂರ ಸೇರಿದ ಮುಲಾಮು, ಎಣ್ಣೆಗಳನ್ನು ಹಚ್ಚಿಕೊಂಡು, ಮೂಸಿ ಅಥವಾ ಕುಡಿದು ಫಿಟ್ಸ್ ಬಂದ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಫಿಟ್ಸ್ ಬಂದಾಗ ವೈದ್ಯರು ಏನೇನೋ ಕೇಳುತ್ತಾರೆ, ತಲೆನೋವಿಗೆ ಏನು ಹಚ್ಚಿಕೊಂಡಿರಿ ಎಂದು ಕೇಳುವುದು ಅಪರೂಪ. ನಾವೂ ಹೇಳುವುದಿಲ್ಲ, ಅದೂ ಒಂದು ಔಷಧಿ ಎಂದು ನಮಗೆ ಅನ್ನಿಸಿದರಲ್ಲವೇ? ಹಾಗೆಂದು ಮೂಸಿದವರೆಲ್ಲ ಬಿದ್ದುಬಿಡುತ್ತಾರೆ ಎಂದಲ್ಲ. ಫಿಟ್ಸ್ ಇರುವವರು, ಹಿಂದೆ ಬಂದಿದ್ದವರು ದೂರವಿರಬೇಕು. ಎಳೆ ಮಕ್ಕಳ ಮುಖ, ಮೂಗಿನ ಹತ್ತಿರ ಸುಳಿಯಲೇಬಾರದು.

ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಹಬೆ ಹಿಡಿದದ್ದು ನೆನಪಿದೆಯಲ್ಲ. ಆಗ ಎಣ್ಣೆಗಿಂತ ಬಿಸಿನೀರು ಹೆಚ್ಚು ಅಪಾಯ. ಹೊದಿಕೆಯೊಳಗೆ ಮಗು ಕೊಸರಾಡಿ ಪಾತ್ರೆ ಮಗುಚಿದರೆ ತೊಡೆ ಸುಟ್ಟುಕೊಂಡು ಆಸ್ಪತ್ರೆಗೆ ಓಡಬೇಕು. ದೊಡ್ಡವರು ಹಿಡಿಯಲಿ, ಎರಡು ಹನಿ ಸಾಕು, ಕಣ್ಣು ಮುಚ್ಚಿಕೊಂಡು. ಮಕ್ಕಳಿಗೆ ಬೇಡ.

"ಹಂಗಾದ್ರೆ ತಂದಿದ್ದೆಲ್ಲ ದಂಡ ಅನ್ನಿ" ಎಂದರು ನಂಜುಂಡಪ್ಪನವರು. ದಂಡವೇನಿಲ್ಲ ಸ್ವಾಮಿ. ಮೂಸಲು, ತಿಕ್ಕಲು, ಸ್ಟಿಕ್ಕರ್ ಕೀಳಲು ಇದಕ್ಕಿಂತ ಒಳ್ಳೆಯದು ಊಟಿಯಲ್ಲಿ ಇನ್ನೇನು ಸಿಗುತ್ತದೆ? ಚಾಕೊಲೇಟಿಗಿಂತ ಮೇಲು. ನುಂಗಲು ಮಾತ್ರ ಅಲ್ಲ.

ನಿಮ್ಮ ಮನೆಯಲ್ಲೂ ಇಂಥದೊಂದು ಬಾಟಲಿ ಇರುತ್ತದೆ, ಯಾರೋ ಪ್ರೀತಿಯಿಂದ ತಂದುಕೊಟ್ಟದ್ದು. ಅದು ಎಲ್ಲಿದೆ ಎಂದು ಈಗಲೇ ಎದ್ದು ನೋಡಿ. ಕೆಮ್ಮಿನ ಸಿರಪ್ಪಿನ ಪಕ್ಕದಲ್ಲಿದ್ದರೆ ತೆಗೆದು ಬೇರೆ ಕಡೆ ಇಡಿ; ನಡುರಾತ್ರಿ ಕರೆಂಟು ಹೋದಾಗ ಎರಡೂ ಬಾಟಲಿ ಕೈಗೆ ಒಂದೇ ಥರ ಸಿಗುತ್ತವೆ. ದೇವರ ದೀಪದ ಹತ್ತಿರವೂ ಬೇಡ, ಒಲೆಯ ಹತ್ತಿರವೂ ಬೇಡ, ಬೇಗ ಹೊತ್ತಿಕೊಳ್ಳುವ ವಸ್ತು. ಮಕ್ಕಳ ಕೈಗೆಟುಕದ ಮೇಲಿನ ಕಪಾಟಿನಲ್ಲಿ, ಬಿಗಿಯಾಗಿ ಮುಚ್ಚಳ ಹಾಕಿ ಇಡಿ. ಮಗು ಅಕಸ್ಮಾತ್ ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ. ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ನೇರ ಆಸ್ಪತ್ರೆಗೆ ಹೋಗಿ.